ದುರಸ್ತಿಯೂ ಒಂದು ವಿದ್ಯೆ

— ಅಂತಿಮ ಬಿ.ಎ. ವಿದ್ಯಾರ್ಥಿನಿ

ಇದು ಯಂತ್ರಯುಗವೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಯಂತ್ರಗಳನ್ನು ಕಂಡುಹಿಡಿದವರ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠವನ್ನೂ ಮಾಡಿದ್ದೇವೆ. ಆದರೆ ಆ ಯಂತ್ರಗಳು ದಿನವೂ ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವವರನ್ನು ಕುರಿತು ಯೋಚಿಸುವುದು ಬಹು ವಿರಳ. ತರಗತಿಯ ಫ್ಯಾನು ನಿಂತಾಗ ಮಾತ್ರ ಅವರ ನೆನಪಾಗುತ್ತದೆ. ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ಈ ವಿಷಯವನ್ನು ಕೈಗೆತ್ತಿಕೊಂಡದ್ದು ವಾಚಕರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಕಾರಣ ನನ್ನ ತಮ್ಮ.

ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ಮೇಲೆ ಅವನು ಐ.ಟಿ.ಐ. ಸೇರಿ ಎಲೆಕ್ಟ್ರೀಷಿಯನ್ ಆಗುತ್ತೇನೆಂದಾಗ ಮೊದಲು ವಿರೋಧಿಸಿದವಳು ನಾನೇ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ; ಅವನೂ ಹತ್ತಬೇಕೆಂಬುದು ನನ್ನ ಹಟ. "ಓದಲಾರದವರು ಹೋಗುವ ಜಾಗವದು" ಎಂದೂ ಅಂದುಬಿಟ್ಟೆ. ಅವನು ಎದುರು ಮಾತಾಡಲಿಲ್ಲ, ಹೋಗಿ ಸೇರಿಕೊಂಡ.

ಕಳೆದ ವರ್ಷ ನಮ್ಮ ತಾಯಿ ಕೂಲಿಗೆ ಹೋಗುವ ಅಕ್ಕಿ ಗಿರಣಿಯಲ್ಲಿ ದೊಡ್ಡ ಮೋಟಾರು ಸುಟ್ಟುಹೋಯಿತು. ಅದನ್ನು ಬಿಚ್ಚಿ, ಪೇಟೆಗೆ ಸಾಗಿಸಿ, ತಂತಿ ಹೊಸದಾಗಿ ಸುತ್ತಿಸಿಕೊಂಡು ಬರುವ ವೇಳೆಗೆ ಹತ್ತು ದಿನ ಕಳೆದವು. ಆ ಹತ್ತು ದಿನ ಅವ್ವನಿಗೆ ಕೂಲಿಯಿಲ್ಲ. ನನ್ನ ಪರೀಕ್ಷೆಯ ಶುಲ್ಕಕ್ಕೆ ಎತ್ತಿಟ್ಟ ಹಣವೇ ಮನೆಯ ಖರ್ಚಿಗಾಯಿತು. ವಾರದ ಕೊನೆಗೆ ಬಂದ ತಮ್ಮ ಗಿರಣಿಗೆ ಹೋಗಿ ನೋಡಿ ಬಂದು, "ಅಕ್ಕಾ, ಮೋಟಾರಿನದೇನೂ ತಪ್ಪಿಲ್ಲ. ಒಂದು ತಿರುಪು ಸಡಿಲವಾಗಿತ್ತು, ಅಷ್ಟೆ" ಎಂದ.

ಅವನು ವಿವರಿಸಿದ್ದು ಹೀಗೆ. ಗಿರಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು ಫೇಸಿನ ಇಂಡಕ್ಷನ್ ಮೋಟಾರು. ಮೂರು ತಂತಿಗಳಲ್ಲಿ ಒಂದರ ಹಿಂದೆ ಒಂದು ಏರಿಳಿಯುವ ವಿದ್ಯುತ್ತು ಮೋಟಾರಿನೊಳಗೆ ಸುತ್ತುವ ಕಾಂತಕ್ಷೇತ್ರವನ್ನುಂಟುಮಾಡುತ್ತದೆ. ಆ ಕ್ಷೇತ್ರ ಎಳೆದಂತೆ ಒಳಗಿನ ಉರುಳೆ ತಿರುಗುತ್ತದೆ. ಫ್ಯೂಸಿನ ಬಳಿ ತಿರುಪು ಸಡಿಲವಾದರೆ ಆ ಸ್ಥಳ ಕಾಯುತ್ತದೆ, ಕರಕಾಗುತ್ತದೆ, ಕೊನೆಗೆ ಒಂದು ಫೇಸು ಕಡಿದುಹೋಗುತ್ತದೆ. ಆಗ ಓಡುತ್ತಿರುವ ಮೋಟಾರು ಕೂಡಲೆ ನಿಲ್ಲುವುದಿಲ್ಲ. ಅದೇ ಅಪಾಯ! ಮೂವರು ಹೊರುವ ಹೊರೆಯನ್ನು ಇಬ್ಬರೇ ಹೊತ್ತಂತೆ, ಉಳಿದ ತಂತಿಗಳಲ್ಲಿ ಪ್ರವಾಹ ಮಿತಿಮೀರಿ ಹರಿದು, ಸುರುಳಿಯ ಮೇಲಿನ ರಕ್ಷಾಲೇಪ ಸುಟ್ಟುಹೋಗುತ್ತದೆ. ಇದನ್ನು ತಡೆಯಲೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಎಂಬ ಕಾವಲುಗಾರನಿರುತ್ತಾನೆ. ಪ್ರವಾಹ ಮಿತಿಮೀರಿದರೆ ಅದು ಮೋಟಾರನ್ನು ನಿಲ್ಲಿಸುತ್ತದೆ. ನಮ್ಮೂರ ಗಿರಣಿಯಲ್ಲಿ ಅದು ಪದೇ ಪದೇ ನಿಲ್ಲಿಸುತ್ತದೆಂದು ಬೇಸತ್ತು ಯಾರೋ ಅದನ್ನು ತಪ್ಪಿಸಿ ತಂತಿ ಜೋಡಿಸಿದ್ದರು. ಅದು ಏಕೆ ನಿಲ್ಲಿಸುತ್ತಿದೆಯೆಂದು ಕೇಳಿದವರಿಲ್ಲ.

ಹಾಗೆ ಕೇಳುವುದೇ ಮೇಂಟೆನೆನ್ಸ್ ಕೆಲಸದ ಸಾರ. ಕೆಟ್ಟ ಮೇಲೆ ಸರಿಪಡಿಸುವುದು ಅದರ ಒಂದು ಬಗೆ ಮಾತ್ರ. ಗೊತ್ತಾದ ಅವಧಿಗೊಮ್ಮೆ ತಿರುಪುಗಳನ್ನು ಬಿಗಿಮಾಡಿ, ಬೇರಿಂಗುಗಳಿಗೆ ಗ್ರೀಸು ಹಾಕಿ, ಧೂಳು ತೆಗೆದು, ಕೆಡದಂತೆ ಕಾಯುವುದು ಎರಡನೆಯ ಬಗೆ. ಯಂತ್ರದ ಶಾಖ, ಸದ್ದು, ಅದುರುವಿಕೆಗಳನ್ನು ಅಳೆದು ನೋಡಿ, ಕೆಡುವ ಮುನ್ನವೇ ತಿಳಿಯುವುದು ಮೂರನೆಯ ಬಗೆ. ವೈದ್ಯನು ನಾಡಿ ಹಿಡಿದು ನೋಡುವಂತೆ, ಇವರು ಮೆಗ್ಗರ್ ಎಂಬ ಉಪಕರಣದಿಂದ ಮೋಟಾರಿನ ರಕ್ಷಾಲೇಪದ ಆರೋಗ್ಯವನ್ನು ಪರೀಕ್ಷಿಸುತ್ತಾರೆ.

ಇಂಥ ವಿದ್ಯೆಯನ್ನು ಕಲಿಯುವ ಬಗೆ ಹೇಗೆ? ಭಾರತ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಆರಂಭವಾಯಿತು. ಐ.ಟಿ.ಐ.ಗಳು ನಡೆಯುತ್ತಿರುವುದು ಆ ಯೋಜನೆಯಂತೆಯೇ. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಎಲೆಕ್ಟ್ರೀಷಿಯನ್ ಶಿಕ್ಷಣ 2 ವರ್ಷಗಳದು. ಮೊದಲು ಕಲಿಸುವುದು ಸುರಕ್ಷತೆ, ಹತ್ಯಾರುಗಳ ಬಳಕೆ ಮತ್ತು ತಂತಿ ಜೋಡಣೆ. ಅನಂತರ ಓಮನ ನಿಯಮ, ಮನೆಯ ವೈರಿಂಗು, ಅರ್ಥಿಂಗು, ಬ್ಯಾಟರಿ, ಟ್ರಾನ್ಸ್‌ಫಾರ್ಮರು, ಮೋಟಾರುಗಳು, ನಿಯಂತ್ರಣ ಫಲಕಗಳು, ಸೌರವಿದ್ಯುತ್ತು. ಇವುಗಳೊಡನೆ ಲೆಕ್ಕವೂ ಉಂಟು, ನಕ್ಷೆ ಓದುವುದೂ ಉಂಟು. ಅಖಿಲ ಭಾರತ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು. ಮುಂದೆ ಓದುವ ಬಯಕೆಯಿದ್ದವರಿಗೆ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಬಾಗಿಲು ಮುಚ್ಚಿಹೋಗುತ್ತದೆಂಬ ನನ್ನ ಭಯ ಸುಳ್ಳು. ನಮ್ಮ ರಾಜ್ಯದ 150 ಐ.ಟಿ.ಐ.ಗಳನ್ನು ಹೊಸ ಯಂತ್ರೋಪಕರಣಗಳೊಡನೆ ತಾಂತ್ರಿಕ ಕೇಂದ್ರಗಳನ್ನಾಗಿ ಮಾರ್ಪಡಿಸಿ, 2022ರಲ್ಲಿ ಲೋಕಾರ್ಪಣೆ ಮಾಡಲಾಯಿತು.

ಈ ವಿದ್ಯೆಯಲ್ಲಿ ಮರೆವಿಗೆ ಕ್ಷಮೆಯಿಲ್ಲ. ಆಂಪಿಯರಿನ ಹತ್ತರಲ್ಲೊಂದು ಭಾಗದಷ್ಟು ಪ್ರವಾಹ ಎದೆಯ ಮೂಲಕ ಹಾಯ್ದರೂ ಸಾವು ಸಂಭವಿಸಬಹುದು. ಆದುದರಿಂದ ಸ್ವಿಚ್ಚು ಆರಿಸುವುದು, ಬೇರೆಯವರು ಹಾಕದಂತೆ ಬೀಗ ಹಾಕಿ ಫಲಕ ತೂಗುಹಾಕುವುದು, ವಿದ್ಯುತ್ತು ಇಲ್ಲವೆಂಬುದನ್ನು ಉಪಕರಣದಿಂದಲೇ ಖಚಿತಪಡಿಸಿಕೊಳ್ಳುವುದು, ಅನಂತರವೇ ಕೈಯಿಡುವುದು. ಈ ಕ್ರಮವನ್ನು ಮುರಿಯಬಾರದು. ನಮ್ಮ ಉತ್ತರಪತ್ರಿಕೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಅವರ ಕೆಲಸದಲ್ಲಿ ತಪ್ಪಿದರೆ ಪ್ರಾಣವೇ ಹೋಗುತ್ತದೆ.

ನಮ್ಮ ಮಂಡ್ಯ ಜಿಲ್ಲೆಯವರಿಗೆ ಈ ವಿದ್ಯೆ ಪರಕೀಯವೇನಲ್ಲ. ಶಿವನಸಮುದ್ರದಲ್ಲಿ ಕಾವೇರಿಯಿಂದ ಪಡೆದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆ ಸಾಹಸವನ್ನು ಇತಿಹಾಸದ ತರಗತಿಯಲ್ಲಿ ಹೆಮ್ಮೆಯಿಂದ ಓದುತ್ತೇವೆ. ಆದರೆ ಅಷ್ಟು ದೂರದ ತಂತಿಯನ್ನು ಮಳೆಗಾಳಿಯಲ್ಲಿ ಕಾಯ್ದವರ ಹೆಸರು ನಮಗಾರಿಗೂ ಗೊತ್ತಿಲ್ಲ.

ಪದವಿಯ ಓದನ್ನು ನಾನು ಹಗುರ ಮಾಡುತ್ತಿಲ್ಲ. ಈ ಓದು ಇಲ್ಲದಿದ್ದರೆ ಇದನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ತಲೆಯ ವಿದ್ಯೆ ಮೇಲು, ಕೈಯ ವಿದ್ಯೆ ಕೀಳು ಎಂಬ ಭೇದ ಮಾತ್ರ ನಮ್ಮಿಂದ ತೊಲಗಬೇಕು. ನಮ್ಮ ಮನೆಗಳಲ್ಲಿ ತಮ್ಮಂದಿರು, ತಂಗಿಯರು ಎಸ್.ಎಸ್.ಎಲ್.ಸಿ. ಮುಗಿಸಿ ನಿಂತಾಗ, ಓದಿದವರೆಂದು ಅವರು ನಮ್ಮ ಮಾತನ್ನೇ ಕೇಳುತ್ತಾರೆ. ಆಗ ನಾವು ತಿಳಿದು ಮಾತಾಡಬೇಕು. ನಾನು ತಿಳಿಯದೆ ಆಡಿದೆ.

ತಮ್ಮನ ಕೊನೆಯ ಪರೀಕ್ಷೆಯೂ ನನ್ನದೂ ಈ ವರ್ಷವೇ. ಗಿರಣಿಯ ಯಜಮಾನರು ಅವನ ಮಾತು ಕೇಳಿ ರಿಲೇಯನ್ನು ಮತ್ತೆ ಜೋಡಿಸಿದ್ದಾರೆ. ಈ ಸಲ ಸುಗ್ಗಿಯಲ್ಲಿ ಅದು ಎರಡು ಬಾರಿ ಮೋಟಾರನ್ನು ನಿಲ್ಲಿಸಿತಂತೆ. ಎರಡು ಬಾರಿಯೂ ಕಾರಣ ಹುಡುಕಿ ಸರಿಪಡಿಸಿದರು. ಅವ್ವನ ಕೂಲಿ ಒಂದು ದಿನವೂ ತಪ್ಪಲಿಲ್ಲ.