ಮೆಶ್ ವೈಫೈ: ಡಬ್ಬಿ ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಮನೆಮನೆಗೂ ಫೈಬರ್ ಬರ್ತಿದ್ದ ಹಾಗೇ ಒಂದು ಪ್ರಶ್ನೆನೂ ಬಂದಿದೆ: ‘ಹಾಲ್‌ನಲ್ಲಿ ಸ್ಪೀಡ್ ಚೆನ್ನಾಗಿದೆ, ಮಹಡಿ ರೂಮಿನಲ್ಲಿ ಏನೂ ಓಪನ್ ಆಗಲ್ಲ. ದೊಡ್ಡ ಪ್ಲ್ಯಾನ್ ತಗೊಳ್ಳೋಣ್ವಾ?’

ಬೇಡ. ಸಿಇಟಿ ಆಪ್ಷನ್ ಎಂಟ್ರಿಯ ಕೊನೇ ದಿನ ಮಗಳು ಮಹಡಿಯಲ್ಲಿ ಕೂತಿದ್ರೆ, ಹಾಲ್‌ನ 100 ಎಂಬಿಪಿಎಸ್ ಅವಳಿಗೆ ಉಪಯೋಗಕ್ಕೆ ಬರಲ್ಲ. ನಾನು ಬಿ.ಕಾಂ. ಓದಿದವನು, ಲೆಕ್ಕ ಹೀಗೆ ಹಾಕ್ತೀನಿ: ಪ್ಲ್ಯಾನ್ ಹೆಚ್ಚಿಸಿದ್ರೆ ಪ್ರತಿ ತಿಂಗಳೂ ಖರ್ಚು, ಸಿಗ್ನಲ್ ಸರಿ ಮಾಡಿದ್ರೆ ಒಂದೇ ಸಲ.

ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ ಬರುತ್ತೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ಗೋಡೆ ಅಡ್ಡ ಬಂದ್ರೆ ಬೇಗ ಸೋಲುತ್ತೆ. ಹಳೇ ಮನೆಗಳ ದಪ್ಪ ಕಲ್ಲುಗೋಡೆ, ಹೊಸ ಮನೆಗಳ ಆರ್‌ಸಿಸಿಯೊಳಗಿನ ಕಬ್ಬಿಣ, ಸ್ಟೀಲ್ ಬೀರು, ನೀರಿನ ಟ್ಯಾಂಕ್, ಎಲ್ಲವೂ ಸಿಗ್ನಲ್ ತಿನ್ನುತ್ತವೆ. ಆದ್ದರಿಂದ ಮೊದಲು ರೂಟರನ್ನ ಟಿವಿ ಹಿಂದಿನಿಂದ ತೆಗೆದು ಮೆಟ್ಟಿಲ ಹತ್ತಿರ, ಎತ್ತರದಲ್ಲಿ ಇಟ್ಟು ನೋಡಿ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಅಷ್ಟಕ್ಕೂ ಸಾಲದಿದ್ರೆ ಎಕ್ಸ್‌ಟೆಂಡರ್ ಅಥವಾ ಮೆಶ್. ಅಗ್ಗದ ಎಕ್ಸ್‌ಟೆಂಡರ್ ಒಂದೇ ಚಾನೆಲ್‌ನಲ್ಲಿ ಕೇಳಿಸಿಕೊಂಡು, ಅದನ್ನೇ ಮತ್ತೆ ಹೇಳುತ್ತೆ. ಹಾಗಾಗಿ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತೆ. ಮೆಶ್‌ನಲ್ಲಿ ಎಲ್ಲ ಡಬ್ಬಿಗಳೂ ಒಂದೇ ನೆಟ್‌ವರ್ಕ್. ಹೆಸರು, ಪಾಸ್‌ವರ್ಡ್ ಒಂದೇ. ನೀವು ಮೆಟ್ಟಿಲು ಹತ್ತಿದಂತೆ ಫೋನ್ ಹತ್ತಿರದ ಡಬ್ಬಿಗೆ ಬದಲಾಗುತ್ತೆ.

ಈಗ ಮುಖ್ಯ ವಿಷಯ. ಎರಡನೇ ಡಬ್ಬಿಯನ್ನ ಸಿಗ್ನಲ್ ಇಲ್ಲದ ರೂಮಿನಲ್ಲೇ ಇಡಬೇಡಿ. ಅಲ್ಲಿ ಅದಕ್ಕೂ ಸಿಗ್ನಲ್ ಸಿಗಲ್ಲ, ಇನ್ನು ನಿಮಗೆ ಎಲ್ಲಿಂದ ಕೊಡುತ್ತೆ? ರೂಟರ್‌ಗೂ ಆ ರೂಮಿಗೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿ ಇರೋ ಕಡೆ ಇಡಿ. ಸಿಗ್ನಲ್ ಅಳೆಯೋ ಆ್ಯಪ್ ಫೋನಿಗೆ ಸಿಗುತ್ತೆ. ಮೈನಸ್ 65 ಡಿಬಿಎಂಗಿಂತ ಚೆನ್ನಾಗಿದ್ರೆ ಜಾಗ ಸರಿ. ಮೈನಸ್ 80 ಅಂದ್ರೆ ಬೇರೆ ಜಾಗ ಹುಡುಕಿ.

ಇನ್ನೂ ಒಳ್ಳೇದು, ಎರಡು ಡಬ್ಬಿಗಳ ನಡುವೆ ಕ್ಯಾಟ್ 6 ಕೇಬಲ್ ಎಳೆಯೋದು. ಆಗ ಗೋಡೆಯ ಚಿಂತೆಯೇ ಇಲ್ಲ. ಹೊಸ ಮನೆ ಕಟ್ಟಿಸ್ತಿದ್ರೆ ಮಹಡಿಗೆ ಒಂದು ಖಾಲಿ ಪೈಪ್ ಈಗಲೇ ಹಾಕಿಸಿಬಿಡಿ.

ತೋಟದವರಿಗೆ ಒಂದು ಮಾತು. ಮನೆಯೊಳಗಿನ ಮೆಶ್ ಅಡಿಕೆ ತೋಟದಾಚೆಯ ಪಂಪ್‌ಹೌಸ್‌ಗೆ ತಲುಪೋದು ಕಷ್ಟ, ಹಸಿ ಎಲೆಗಳೂ ಸಿಗ್ನಲ್ ಹೀರುತ್ತವೆ. ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿ ಇದೆ, ಗುಡುಗು-ಸಿಡಿಲಿನ ಭಯವೂ ಇದೆ. ಅಲ್ಲಿಗೆ ಲೋಹವಿಲ್ಲದ ಫೈಬರ್ ಕೇಬಲ್ ಎಳೆಯೋದೇ ಕ್ಷೇಮ.

ಕೊನೇದು ಕರೆಂಟ್. ರೂಟರ್ ಇನ್ವರ್ಟರ್ ಲೈನಲ್ಲಿದ್ದು ಮಹಡಿಯ ಡಬ್ಬಿ ಮಾಮೂಲಿ ಲೈನಲ್ಲಿದ್ರೆ, ಕರೆಂಟ್ ಹೋದ ತಕ್ಷಣ ಮಹಡಿ ಮತ್ತೆ ಕತ್ತಲೆ. ಫೈಬರ್ ಮೋಡೆಮ್, ರೂಟರ್, ಪ್ರತಿ ಮೆಶ್ ಡಬ್ಬಿ, ಎಲ್ಲಕ್ಕೂ ಬ್ಯಾಕಪ್ ಬೇಕು. ವೋಲ್ಟೇಜ್ ಹೊಂದುವ ಸಣ್ಣ ಡಿಸಿ ಯುಪಿಎಸ್ ಆದ್ರೂ ಸಾಕು.

ಎರಡು ಮಹಡಿಯ ಸಾಧಾರಣ ಮನೆಗೆ ಹೆಚ್ಚಾಗಿ ಎರಡು ಡಬ್ಬಿ ಸಾಕಾಗುತ್ತೆ. ಮೂರರ ಪ್ಯಾಕ್ ಕೊಳ್ಳೋ ಮುಂಚೆ ಫೋನ್ ಹಿಡಿದು ಮನೆಯೆಲ್ಲ ಒಂದು ಸುತ್ತು ಹಾಕಿ, ಸಿಗ್ನಲ್ ಎಲ್ಲಿ ಬೀಳುತ್ತೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ.