ಜ್ಞಾತ ದೋಷಗಳ ದಾಖಲಾತಿ (ಮುಕ್ತ ತಂತ್ರಾಂಶ)

ಜ್ಞಾತ ದೋಷಗಳ ದಾಖಲಾತಿ ಎಂದರೆ ತಂತ್ರಾಂಶವೊಂದರಲ್ಲಿ ಇವೆಯೆಂದು ತಿಳಿದಿದ್ದರೂ ಇನ್ನೂ ಸರಿಪಡಿಸದ ದೋಷಗಳನ್ನು ಹಾಗೂ ನೋಡಿಕೊಳ್ಳುವವರಿಲ್ಲದ ಸೌಲಭ್ಯಗಳನ್ನು ಬಳಕೆದಾರರ ಗಮನಕ್ಕೆ ಬರುವಂತೆ ಬರೆದಿಡುವ ಪದ್ಧತಿ. ಕಾರ್ಯಾಚರಣ ವ್ಯವಸ್ಥೆ, ಕಡತ ವ್ಯವಸ್ಥೆ, ಅಕ್ಷರ ಸಂಕೇತದ ಗ್ರಂಥಾಲಯಗಳು ಮೊದಲಾದ ಮೂಲಭೂತ ತಂತ್ರಾಂಶಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಇಂತಹ ತಂತ್ರಾಂಶದ ಮೇಲೆ ಇತರ ಅನೇಕ ತಂತ್ರಾಂಶಗಳು ಅವಲಂಬಿತವಾಗಿರುವುದರಿಂದ, ತಳದಲ್ಲಿರುವ ಒಂದು ದೋಷವು ಅದರ ಹೆಸರನ್ನೇ ಕೇಳದ ಬಳಕೆದಾರರನ್ನೂ ತಟ್ಟುತ್ತದೆ. ದೋಷವನ್ನು ಬರೆದಿಡುವುದರಿಂದ ಅದು ನಿವಾರಣೆಯಾಗುವುದಿಲ್ಲ. ಆದರೆ ಅದರಿಂದಾಗುವ ಹಾನಿಯನ್ನು ಬಳಕೆದಾರರು ಮುಂಚಿತವಾಗಿಯೇ ತಪ್ಪಿಸಿಕೊಳ್ಳಬಹುದು.

ಇತಿಹಾಸ

ಈ ಪದ್ಧತಿಯ ಆರಂಭಿಕ ರೂಪವನ್ನು 1971ರ ನವೆಂಬರ್ 3ರ ದಿನಾಂಕವಿರುವ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ಕಾಣಬಹುದು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ ಈ ಕೈಪಿಡಿಯಲ್ಲಿ ಆದೇಶಗಳ ವಿವರಣೆಯ ಜೊತೆಗೆ ಅವುಗಳ ದೋಷಗಳನ್ನು ಹೇಳುವ ‘ಬಗ್ಸ್’ ಎಂಬ ವಿಭಾಗವೂ, ಅವುಗಳ ಹೊಣೆ ಯಾರದೆಂದು ತಿಳಿಸುವ ‘ಓನರ್’ ಎಂಬ ವಿಭಾಗವೂ ಇದ್ದವು. ದೋಷಗಳ ವಿಭಾಗವು ಇಂದಿಗೂ ಅನೇಕ ಕೈಪಿಡಿ ಪುಟಗಳಲ್ಲಿ ಉಳಿದುಕೊಂಡಿದೆ. ಡೆಬಿಯನ್ ಯೋಜನೆಯು 1997ರಲ್ಲಿ ಅಂಗೀಕರಿಸಿದ ಸಾಮಾಜಿಕ ಒಡಂಬಡಿಕೆಯಲ್ಲಿ ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲವೆಂಬ ವಾಗ್ದಾನವಿದ್ದು, ಅದರ ದೋಷ ವರದಿಗಳ ಸಂಗ್ರಹ ಎಲ್ಲರಿಗೂ ತೆರೆದಿರುತ್ತದೆ.

ತಿಳಿದ ದೋಷ: ಒಂದು ಉದಾಹರಣೆ

ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯು ರೇಡ್ 5 ಮತ್ತು ರೇಡ್ 6 ವಿಧಾನಗಳಲ್ಲಿ ಮಾಹಿತಿಯನ್ನು ಹಲವು ಡಿಸ್ಕ್‌ಗಳಲ್ಲಿ ಹಂಚಿಡುತ್ತದೆ. ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದುದನ್ನು ಮರಳಿ ಪಡೆಯಲು ಬೇಕಾದ ಲೆಕ್ಕವನ್ನೂ ಜೊತೆಗೆ ಬರೆದಿಡುತ್ತದೆ. ಮಾಹಿತಿ ಬರೆದಾಗಿ, ಲೆಕ್ಕವನ್ನು ಬರೆಯುವ ಮೊದಲೇ ವಿದ್ಯುತ್ ಕಡಿತವಾದರೆ ಇವೆರಡೂ ತಾಳೆಯಾಗದೆ ಉಳಿಯುತ್ತವೆ. ಮುಂದೆ ಡಿಸ್ಕ್ ಕೆಟ್ಟಾಗ ಆ ತಪ್ಪು ಲೆಕ್ಕದಿಂದ ತಪ್ಪು ಮಾಹಿತಿ ಮರುರಚನೆಯಾಗುವ ಅಪಾಯವಿದೆ. ಇದಕ್ಕೆ ‘ರೈಟ್ ಹೋಲ್’ ಎಂದು ಹೆಸರು. ಈ ವಿಧಾನಗಳನ್ನು ಪರೀಕ್ಷೆಗಷ್ಟೇ ಬಳಸಬೇಕು, ಮುಖ್ಯ ಕೆಲಸಗಳಿಗೆ ಬಳಸಬಾರದು ಎಂದು ಕೈಪಿಡಿಯಲ್ಲಿ ತಿಳಿಸಲಾಗಿದೆ.

ಮಳೆಗಾಲದಲ್ಲಿ ವಿದ್ಯುತ್ ಪದೇ ಪದೇ ಕಡಿತವಾಗುವ ಬಾಳೂರು, ಕಳಸ ಮೊದಲಾದ ಮಲೆನಾಡಿನ ಊರುಗಳಲ್ಲಿ ಈ ಎಚ್ಚರಿಕೆ ಬಹಳ ಪ್ರಸ್ತುತ. ಕಾಫಿ ತೋಟದ ಲೆಕ್ಕಪತ್ರವನ್ನೋ ಗ್ರಂಥಾಲಯದ ದಾಖಲೆಯನ್ನೋ ಇಂತಹ ವ್ಯವಸ್ಥೆಯಲ್ಲಿ ಇಡಲು ಹೊರಟವರು ಬೇರೆ ವಿಧಾನವನ್ನು ಆರಿಸಿಕೊಳ್ಳಬಹುದು. ಕೈಪಿಡಿ ಪುಟಗಳು ಗಣಕಯಂತ್ರದಲ್ಲಿಯೇ ಸ್ಥಾಪಿತವಾಗಿದ್ದರೆ ಅಂತರಜಾಲ ಸಂಪರ್ಕವಿಲ್ಲದಿದ್ದರೂ ಅವುಗಳನ್ನು ಓದಬಹುದು.

ನಿರ್ವಹಣೆಯಿಲ್ಲದ ಭಾಗಗಳು

ಲಿನಕ್ಸ್ ಕೆರ್ನೆಲ್‌ನ ಆಕರ ಸಂಕೇತದೊಡನೆ ‘ಮೇಂಟೈನರ್ಸ್’ ಎಂಬ ಕಡತವಿರುತ್ತದೆ. ಪ್ರತಿಯೊಂದು ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ, ಅದರ ಸ್ಥಿತಿ ಏನು ಎಂಬುದನ್ನು ಅದು ದಾಖಲಿಸುತ್ತದೆ. ನೋಡಿಕೊಳ್ಳುವವರಿಲ್ಲದ ಭಾಗವನ್ನು ‘ಆರ್ಫನ್’, ಅಂದರೆ ಅನಾಥ, ಎಂದೂ, ಬಳಕೆಯಿಂದ ಹಿಂದೆ ಸರಿದ ಭಾಗವನ್ನು ‘ಆಬ್ಸೊಲೀಟ್’ ಎಂದೂ ಗುರುತಿಸಲಾಗುತ್ತದೆ.

ಐಟೇನಿಯಂ ಸಂಸ್ಕಾರಕಗಳ ಬೆಂಬಲವನ್ನು 2021ರಲ್ಲಿ ಅನಾಥವೆಂದು ಗುರುತಿಸಿ, 2024ರ ಜನವರಿಯಲ್ಲಿ ಬಿಡುಗಡೆಯಾದ 6.7ನೇ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ರೈಸರ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಕೈಬಿಡಲಾಗುವುದೆಂಬ ಸೂಚನೆ 2022ರ 5.18ನೇ ಆವೃತ್ತಿಯಲ್ಲಿ ಬಂದಿತು. ಅದನ್ನು 2025ರ ಜನವರಿಯ 6.13ನೇ ಆವೃತ್ತಿಯಲ್ಲಿ ತೆಗೆಯಲಾಯಿತು. ಸೂಚನೆಗೂ ತೆಗೆದುಹಾಕುವುದಕ್ಕೂ ನಡುವಿನ ಈ ವರ್ಷಗಳಲ್ಲಿ ಬಳಕೆದಾರರು ತಮ್ಮ ಮಾಹಿತಿಯನ್ನು ಬೇರೆಡೆಗೆ ಸಾಗಿಸಿಕೊಳ್ಳಲು ಅವಕಾಶವಿತ್ತು.

ಕನ್ನಡಕ್ಕೆ ಸಂಬಂಧಿಸಿದ ಉದಾಹರಣೆಗಳು

ಹಳಗನ್ನಡದ ಶಾಸನಗಳಲ್ಲಿ ಕಂಡುಬರುವ ‘ೞ’ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ 3294 ಎಂಬ ದಶಮಾನ ಸಂಖ್ಯೆಯಿದೆ. ಆದರೆ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’ ಎಂದು ತಪ್ಪಾಗಿ ದಾಖಲಾಗಿದೆ. ಈ ಅಕ್ಷರಕ್ಕೂ ‘ಫ’ಕಾರದ ಉಚ್ಚಾರಣೆಗೂ ಯಾವ ಸಂಬಂಧವೂ ಇಲ್ಲ. ಹೆಸರುಗಳನ್ನೇ ನೆಚ್ಚಿಕೊಂಡ ತಂತ್ರಾಂಶಗಳು ಕೆಡಬಾರದೆಂಬ ಕಾರಣದಿಂದ, ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವುದಿಲ್ಲವೆಂಬ ನಿಯಮವನ್ನು ಯೂನಿಕೋಡ್ ತನ್ನ 2.0ನೇ ಆವೃತ್ತಿಯಿಂದ ಪಾಲಿಸುತ್ತಿದೆ. ಹಾಗಾಗಿ ಹೆಸರನ್ನು ತಿದ್ದುವ ಬದಲು, ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಪರ್ಯಾಯ ನಾಮವನ್ನು ತಿದ್ದುಪಡಿಯೆಂದು ಪ್ರತ್ಯೇಕ ಪಟ್ಟಿಯಲ್ಲಿ ನಮೂದಿಸಲಾಗಿದೆ. ಪೈಥಾನ್ ಭಾಷೆಯಲ್ಲಿ ಈ ಅಕ್ಷರದ ಹೆಸರನ್ನು ಕೇಳಿದರೆ ಇಂದಿಗೂ ತಪ್ಪು ಹೆಸರೇ ದೊರೆಯುತ್ತದೆ. ಸರಿಪಡಿಸಲಾಗದ ದೋಷಕ್ಕೆ ದಾಖಲೆಯೊಂದೇ ಪರಿಹಾರವಾದುದಕ್ಕೆ ಇದು ನಿದರ್ಶನ. ಶಾಸನಗಳ ಪಠ್ಯವನ್ನು ಗಣಕೀಕರಿಸುವವರು ಹೆಸರನ್ನಷ್ಟೇ ನಂಬಿದರೆ ಅಕ್ಷರವನ್ನು ತಪ್ಪಾಗಿ ಆರಿಸುವ ಸಾಧ್ಯತೆಯಿದೆ.

ಎರಡನೆಯ ಉದಾಹರಣೆ ಅನುವಾದಗಳದು. ಅನೇಕ ಮುಕ್ತ ತಂತ್ರಾಂಶಗಳ ಕನ್ನಡ ಪಠ್ಯವು ಗ್ನೂ ಗೆಟ್‌ಟೆಕ್ಸ್ಟ್ ಎಂಬ ಸಾಧನದ ಕಡತಗಳಲ್ಲಿರುತ್ತದೆ. ಮೂಲ ಇಂಗ್ಲಿಷ್ ವಾಕ್ಯವನ್ನು ತುಸು ಬದಲಾಯಿಸಿದಾಗ ಹಳೆಯ ಅನುವಾದಕ್ಕೆ ‘ಫಜ್ಜಿ’, ಅಂದರೆ ಅನುಮಾನಾಸ್ಪದ, ಎಂಬ ಗುರುತು ಬೀಳುತ್ತದೆ. ಅನುವಾದಕರು ಅದನ್ನು ಪರಿಶೀಲಿಸುವವರೆಗೆ ಸಾಮಾನ್ಯವಾಗಿ ಆ ಜಾಗದಲ್ಲಿ ಇಂಗ್ಲಿಷ್ ವಾಕ್ಯವೇ ಕಾಣುತ್ತದೆ. ಕನ್ನಡ ಪರದೆಯ ನಡುವೆ ಅಲ್ಲಲ್ಲಿ ಇಂಗ್ಲಿಷ್ ಇಣುಕಲು ಇದೂ ಒಂದು ಕಾರಣ. ಕಡತದ ಶಿರೋಭಾಗದಲ್ಲಿ ಕೊನೆಯ ಪರಿಷ್ಕರಣೆಯ ದಿನಾಂಕವನ್ನು ನಮೂದಿಸಲು ಸ್ಥಳವಿರುತ್ತದೆ. ಅನುವಾದದ ಕೆಲಸ ಎಂದಿನಿಂದ ನಿಂತಿದೆ, ಎಲ್ಲಿಂದ ಮುಂದುವರಿಸಬೇಕು ಎಂಬುದನ್ನು ಹೊಸ ಸ್ವಯಂಸೇವಕರು ಆ ದಿನಾಂಕದಿಂದಲೂ ಫಜ್ಜಿ ಗುರುತುಗಳಿಂದಲೂ ಅಂದಾಜಿಸಬಹುದು.

ಮಿತಿಗಳು

ದಾಖಲೆಯೂ ಹಳತಾಗುತ್ತದೆ. ಸರಿಪಡಿಸಿದ ದೋಷವು ಕೈಪಿಡಿಯಲ್ಲಿ ಹಾಗೆಯೇ ಉಳಿದರೆ ಓದುಗರು ಉಳಿದ ಎಚ್ಚರಿಕೆಗಳನ್ನೂ ಕಡೆಗಣಿಸತೊಡಗುತ್ತಾರೆ. ನಿರ್ವಾಹಕರ ಹೆಸರಿದ್ದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದು ಹೇಳಲಾಗದು. ಭದ್ರತೆಗೆ ಸಂಬಂಧಿಸಿದ ದೋಷಗಳು ಇದಕ್ಕೆ ಭಾಗಶಃ ಅಪವಾದ. ದಾಳಿಕೋರರಿಗೆ ಅನುಕೂಲವಾಗದಿರಲೆಂದು ಪರಿಹಾರ ಸಿದ್ಧವಾಗುವವರೆಗೆ ಅವುಗಳನ್ನು ಹಲವು ಬಾರಿ ಗೌಪ್ಯವಾಗಿಟ್ಟು, ಆನಂತರ ಸಿವಿಇ ಎಂಬ ಸಾರ್ವಜನಿಕ ಕ್ರಮಸಂಖ್ಯೆಯೊಂದಿಗೆ ಪ್ರಕಟಿಸಲಾಗುತ್ತದೆ. ಈ ಕ್ರಮಸಂಖ್ಯೆಯ ವ್ಯವಸ್ಥೆ 1999ರಲ್ಲಿ ಆರಂಭವಾಯಿತು. ಇಂತಹ ದಾಖಲೆಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ಇರುವುದರಿಂದ, ಕನ್ನಡದಲ್ಲಿ ಮಾತ್ರ ಓದಬಲ್ಲವರಿಗೆ ಎಚ್ಚರಿಕೆ ಬರೆದಿದ್ದರೂ ತಲುಪದೆ ಹೋಗುತ್ತದೆ.