ಅಸಲು, ಬಡ್ಡಿ ಮತ್ತು ಜನಸಂಖ್ಯೆ

ನಮ್ಮ ಅಜ್ಜನಿಗೆ ಒಂಬತ್ತು ಮಂದಿ ಮಕ್ಕಳು ಹುಟ್ಟಿ, ಆರು ಮಂದಿ ಬದುಕಿ ಉಳಿದರು. ನನ್ನ ತಂದೆಗೆ ನಾವು ಮೂವರು. ನನಗೆ ಒಬ್ಬಳೇ ಮಗಳು. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಹಬ್ಬದ ದಿನ ಇಪ್ಪತ್ತು ಎಲೆ ಹಾಕುತ್ತಿದ್ದ ಚಾವಡಿಯಲ್ಲಿ ಇಂದು ನನ್ನ ತಾಯಿಯವರೊಬ್ಬರೇ ಕುಳಿತು ಉಣ್ಣುತ್ತಾರೆ. ಇತ್ತ ಮುಂಬಯಿಯಲ್ಲಿ ನಾನು ದಿನವೂ ಬೆಳಿಗ್ಗೆ ಹಿಡಿಯುವ ಲೋಕಲ್ ಗಾಡಿಯಲ್ಲಿ ಎರಡನೆಯ ಕಾಲನ್ನು ಊರಲು ಎಡೆಯಿರುವುದಿಲ್ಲ. ಜನ ಹೆಚ್ಚಾದುದರ ಕಷ್ಟ ಮತ್ತು ಜನ ಕಡಿಮೆಯಾದುದರ ಕಷ್ಟ ಇವೆರಡೂ ಒಂದೇ ಕುಟುಂಬದಲ್ಲಿ, ಒಂದೇ ಕಾಲದಲ್ಲಿ ತಲೆದೋರಿರುವುದು ವಿಚಿತ್ರವೆನಿಸಿದರೂ, ಈ ನಗರದಲ್ಲಿ ನೆಲಸಿರುವ ಬಹುಪಾಲು ಕನ್ನಡಿಗರ ಅನುಭವವೂ ಇದೇ ಎಂದು ನಾನು ಬಲ್ಲೆ.

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಒತ್ತಾಯಿಸಿದಾಗ, ವೈದ್ಯನಲ್ಲದ ನಾನು ಮೊದಲು ಹಿಂಜರಿದೆ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಅಂಕಿಗಳ ನಡುವೆ ಎರಡು ದಶಕ ಕಳೆದವನಿಗೆ ತಿಳಿದಿರುವುದು ಲೆಕ್ಕವೊಂದೇ. ಆದರೆ ಜನಸಂಖ್ಯೆಯೂ ಮೂಲತಃ ಒಂದು ಲೆಕ್ಕವೇ ಅಲ್ಲವೇ?

ಆಂಗ್ಲ ಅರ್ಥಶಾಸ್ತ್ರಜ್ಞ ಮಾಲ್ಥಸ್ 1798ರಲ್ಲಿ ಮುಂದಿಟ್ಟ ವಾದವನ್ನು ವಾಣಿಜ್ಯದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಜನಸಂಖ್ಯೆಯು ಚಕ್ರಬಡ್ಡಿಯಂತೆ ಬೆಳೆಯುತ್ತದೆ, ಆಹಾರೋತ್ಪಾದನೆಯು ಸರಳಬಡ್ಡಿಯಂತೆ ಬೆಳೆಯುತ್ತದೆ ಎಂಬುದು ಅದರ ಸಾರಾಂಶ. ಠೇವಣಿಯೊಂದು ಎಷ್ಟು ವರ್ಷಗಳಲ್ಲಿ ದುಪ್ಪಟ್ಟಾಗುವುದೆಂದು ತಿಳಿಯಲು ನಾವು ಬ್ಯಾಂಕಿನವರು 72ನ್ನು ಬಡ್ಡಿಯ ದರದಿಂದ ಭಾಗಿಸುತ್ತೇವೆ. 1961ರಿಂದ 1971ರವರೆಗೆ ಭಾರತದ ಜನಸಂಖ್ಯೆ ವರ್ಷಕ್ಕೆ ಸುಮಾರು ಶೇಕಡಾ 2.2ರಂತೆ ಬೆಳೆಯಿತು, ಅಂದರೆ ಮೂವತ್ತಮೂರು ವರ್ಷ ತುಂಬುವುದರೊಳಗೆ ದುಪ್ಪಟ್ಟು. 1951ರಲ್ಲಿ 36 ಕೋಟಿಯಿದ್ದ ನಾವು 2011ರಲ್ಲಿ 121 ಕೋಟಿಯಾದೆವು. ಜನರು ಹೆಚ್ಚು ಮಕ್ಕಳನ್ನು ಹೆರತೊಡಗಿದ್ದು ಇದಕ್ಕೆ ಕಾರಣವಲ್ಲ. ಹೆರಿಗೆಗಳು ಹಿಂದೆಯೂ ಬೇಕಾದಷ್ಟಿದ್ದವು. ಸಾವು ಕಡಿಮೆಯಾಯಿತು, ಅಷ್ಟೆ. ಸ್ವಾತಂತ್ರ್ಯ ಬಂದಾಗ ಮೂವತ್ತೆರಡರ ಆಸುಪಾಸಿನಲ್ಲಿದ್ದ ಸರಾಸರಿ ಆಯುಷ್ಯ ಇಂದು ಎಪ್ಪತ್ತರ ಸಮೀಪದಲ್ಲಿದೆ. ಅಜ್ಜನ ಮನೆಯಲ್ಲಿ ಸತ್ತ ಆ ಮೂರು ಕೂಸುಗಳು ಐವತ್ತು ವರ್ಷ ತಡವಾಗಿ ಹುಟ್ಟಿದ್ದರೆ ಪ್ರಾಯಶಃ ಬದುಕುತ್ತಿದ್ದವು. ಜನಸಂಖ್ಯೆಯ 'ಸ್ಫೋಟ'ವನ್ನು ಹಳಿಯುವ ಭಾಷಣಗಳನ್ನು ಕೇಳುವಾಗಲೆಲ್ಲ ನನಗೆ ಆ ಕೂಸುಗಳ ನೆನಪಾಗುತ್ತದೆ.

ಸಾವು ಎಷ್ಟು ದೊಡ್ಡ ಲೆಕ್ಕಿಗನಾಗಿತ್ತೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 1896ರಲ್ಲಿ ಮಾಂಡ್ವಿಯ ಗೋದಾಮುಗಳ ಬಳಿ ಪ್ಲೇಗು ಕಾಣಿಸಿಕೊಂಡಿತು. 1891ರಲ್ಲಿ 8 ಲಕ್ಷ 20 ಸಾವಿರಕ್ಕೂ ಮೀರಿದ್ದ ನಗರದ ಜನಸಂಖ್ಯೆ 1901ರಲ್ಲಿ 7 ಲಕ್ಷ 76 ಸಾವಿರಕ್ಕೆ ಇಳಿದಿತ್ತು. 1918ರಲ್ಲಿ ಇನ್‌ಫ್ಲುಯೆಂಜಾ ಇದೇ ಬಂದರಿನ ಮೂಲಕ ದೇಶವನ್ನು ಹೊಕ್ಕಿತು. 1911ರಿಂದ 1921ರ ದಶಕದಲ್ಲಿ ಇಡೀ ಭಾರತದ ಜನಸಂಖ್ಯೆಯೇ ಸ್ವಲ್ಪ ಕುಗ್ಗಿತು. ಜನಗಣತಿಯ ಇತಿಹಾಸದಲ್ಲಿ ಹಾಗಾದದ್ದು ಆ ಒಂದು ಬಾರಿ ಮಾತ್ರ.

ಹುಟ್ಟನ್ನು ಮನುಷ್ಯನ ವಿವೇಕಕ್ಕೆ ಒಪ್ಪಿಸಬೇಕೆಂಬ ಮಾತು ಕೂಡ ಈ ನಗರದಲ್ಲಿಯೇ ಮೊದಲು ಕೇಳಿಬಂದವುಗಳಲ್ಲಿ ಒಂದು. ಗಣಿತದ ಪ್ರಾಧ್ಯಾಪಕರಾಗಿದ್ದ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಇಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯ ತೆರೆದು, ಆ ಕಾರಣಕ್ಕಾಗಿ ಕೆಲಸವನ್ನೇ ಬಿಡಬೇಕಾಯಿತು. ಕನ್ನಡಿಗರು ಹೆಮ್ಮೆ ಪಡಬಹುದಾದ ಸಂಗತಿಯೊಂದಿದೆ: 1930ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ತನ್ನ ಆಸ್ಪತ್ರೆಗಳಲ್ಲಿಯೇ ಇಂತಹ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರಕಾರವೊಂದು ಹೀಗೆ ಮುಂದಾದದ್ದು ಅಂದಿನ ಪ್ರಪಂಚದಲ್ಲಿಯೇ ಅಪೂರ್ವ. ಸ್ವತಂತ್ರ ಭಾರತದ ಕುಟುಂಬಯೋಜನೆ 1952ರಲ್ಲಿ ಬಂತು. 1976-77ರ ತುರ್ತುಪರಿಸ್ಥಿತಿಯ ವರ್ಷದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅದರಲ್ಲಿನ ಬಲಾತ್ಕಾರವು ಯೋಜನೆಯ ಹೆಸರಿಗೇ ಕಳಂಕ ತಂದಿತು. ಬಲಾತ್ಕಾರ ಸಾಧಿಸಲಾರದ್ದನ್ನು ಹೆಣ್ಣುಮಕ್ಕಳ ಶಾಲೆ, ಸೂಲಗಿತ್ತಿಯ ಜಾಗಕ್ಕೆ ಬಂದ ಆಸ್ಪತ್ರೆ, ಹುಟ್ಟಿದ ಮಗು ಬದುಕುವುದೆಂಬ ಭರವಸೆ ಇವು ಸದ್ದಿಲ್ಲದೆ ಸಾಧಿಸಿದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯೊಬ್ಬಳಿಗೆ ಸರಾಸರಿ 1.7 ಮಕ್ಕಳು, ದೇಶದ ಸರಾಸರಿ 2.0. ತಂದೆತಾಯಿಯರ ಸ್ಥಾನವನ್ನು ಮಕ್ಕಳು ತುಂಬಲು 2.1 ಬೇಕು.

ಹಾಗಿದ್ದರೆ ಜನಸಂಖ್ಯೆ ಇನ್ನೂ ಏರುತ್ತಿರುವುದೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಬಡ್ಡಿಯ ದರ ಇಳಿದಿದೆ, ಆದರೆ ಅಸಲು ಈಗಾಗಲೇ ಬೆಳೆದು ಕುಳಿತಿದೆ ಎಂದೆ. ಹಿಂದಿನ ದಶಕಗಳಲ್ಲಿ ಹುಟ್ಟಿದ ಅಪಾರ ಸಂಖ್ಯೆಯ ಹೆಣ್ಣುಮಕ್ಕಳು ಇಂದು ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದರೂ ಒಟ್ಟು ಮೊತ್ತ ಸಣ್ಣದಾಗುವುದಿಲ್ಲ. 2023ರಲ್ಲಿ ಚೀನವನ್ನು ನಾವು ಹಿಂದೆ ಹಾಕಿದ್ದು ಹೀಗೆ.

ಇನ್ನು ನೀರಿನ ಮಾತು. ಮುಂಬಯಿಯ ಜನಸಂಖ್ಯೆಯ ಚರಿತ್ರೆಯನ್ನು ಅದರ ಕೆರೆಗಳಿಂದಲೇ ಓದಬಹುದು. 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ. ಇವೆರಡೂ ಇಂದಿನ ನಗರದ ಎಲ್ಲೆಯೊಳಗೇ ಇವೆ. 1892ರಲ್ಲಿ ತಾನ್ಸಾ. ಆಮೇಲೆ ಮೋದಕ ಸಾಗರ, ಮೇಲಿನ ವೈತರಣಾ, ಭಾತ್ಸಾ, ಕಡೆಗೆ 2014ರಲ್ಲಿ ಮಧ್ಯ ವೈತರಣಾ. ಜನ ಹೆಚ್ಚಿದಂತೆಲ್ಲ ಕೊಳವೆ ದೂರದೂರಕ್ಕೆ ಕೈಚಾಚಿತು. 1951ರಲ್ಲಿ 30 ಲಕ್ಷದಷ್ಟಿದ್ದ ಬೃಹನ್ಮುಂಬಯಿಯ ಜನ 2011ರಲ್ಲಿ 124 ಲಕ್ಷ. ದಿನವೊಂದಕ್ಕೆ ನಗರಕ್ಕೆ ಸುಮಾರು 385 ಕೋಟಿ ಲೀಟರು ನೀರು ಬರುತ್ತದೆ. 2011ರ ಜನಗಣತಿಯ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ 300 ಲೀಟರಿಗೂ ಹೆಚ್ಚು. ಈ ಸರಾಸರಿಯನ್ನು ನಂಬಿದವನು ಕೆಟ್ಟ! ಕೊಳವೆಯಲ್ಲಿ ಸೋರಿ ಹೋಗುವುದೆಷ್ಟು, ಕದ್ದು ಹೋಗುವುದೆಷ್ಟು. ಉಳಿದುದರ ಹಂಚಿಕೆಯಾದರೂ ಸಮಾನವೇ? ಕೊಳೆಗೇರಿಯ ಮನುಷ್ಯನಿಗೆ 45 ಲೀಟರು, ಕಟ್ಟಡದಲ್ಲಿರುವವನಿಗೆ 135 ಲೀಟರು ಎಂದು ಪಾಲಿಕೆಯ ಮಾನದಂಡದಲ್ಲಿಯೇ ಎಣಿಸಿದ್ದುಂಟು. ಅತ್ತ, ನಮಗೆ ನೀರು ಕಳುಹಿಸುವ ಅಣೆಕಟ್ಟುಗಳಿರುವ ಶಹಾಪುರ ತಾಲೂಕಿನ ಆದಿವಾಸಿ ಪಾಡಾಗಳಲ್ಲಿ ಬೇಸಗೆ ಬಂತೆಂದರೆ ಹೆಂಗಸರು ಕೊಡ ಹೊತ್ತು ಟ್ಯಾಂಕರಿನ ದಾರಿ ಕಾಯುತ್ತಾರೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಮಳೆ ತಡವಾಗಿ ನೀರಿನ ಕಡಿತ ಜಾರಿಗೆ ಬಂದಾಗ ನಾನು ನಮ್ಮ ಸೊಸೈಟಿಯ ಖಜಾಂಚಿಯಾಗಿದ್ದೆ. ಬ್ಯಾಂಕಿನ ಶಿಸ್ತಿನಿಂದ ಒಂದು ಪಟ್ಟಿ ತಯಾರಿಸಿ, ಮನೆಗೆ ಇಷ್ಟು ಹೊತ್ತು ನೀರು, ಹೊರಗಿನವರಿಗೆ ಒಂದು ಹನಿಯೂ ಇಲ್ಲ ಎಂದು ಸೂಚನಾ ಫಲಕದಲ್ಲಿ ಅಂಟಿಸಿದೆ. ನಮ್ಮ ಮನೆಯ ಪಾತ್ರೆ ತೊಳೆಯುವ ಬಾಯಿ ಹಿಂಬದಿಯ ಗುಡಿಸಲು ಸಾಲಿನವಳು. ಪ್ರತಿದಿನ ಕೆಲಸ ಮುಗಿಸಿ ಹೋಗುವಾಗ ಒಂದು ಕ್ಯಾನು ನೀರು ತುಂಬಿಸಿಕೊಳ್ಳುತ್ತಿದ್ದಳು. ನಿಯಮ ಮಾಡಿದವನ ಮನೆಯಿಂದಲೇ ನಿಯಮ ಮುರಿಯಬಾರದೆಂದು ನಾನು ಅದನ್ನು ನಿಲ್ಲಿಸಿದೆ. ಆಕೆ ಏನೂ ಅನ್ನಲಿಲ್ಲ. ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಮಗುವಿಗೆ ವಾಂತಿಭೇದಿಯಾಗಿ ಪಾಲಿಕೆಯ ಆಸ್ಪತ್ರೆಯಲ್ಲಿತ್ತೆಂದು ಆಮೇಲೆ ತಿಳಿಯಿತು. ಮಗು ಉಳಿಯಿತು. ನಮ್ಮ ಕ್ಯಾನಿನ ನೀರು ತಪ್ಪಿದ್ದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಅದೇ ವಾರ ಕೆಳಗಿನ ಆವರಣದಲ್ಲಿ ಇಬ್ಬರೇ ವಾಸಿಸುವ ಮನೆಯೊಂದರ ಎರಡು ಕಾರುಗಳು ಕೊಳವೆ ಹಿಡಿದು ತೊಳೆಯಲ್ಪಡುತ್ತಿದ್ದುದನ್ನು ನಾನು ಕಂಡೂ ಸುಮ್ಮನಿದ್ದೆ. ಏಕೆಂದರೆ ಅವರು 'ಒಳಗಿನವರು'. ತಲೆಗಳನ್ನು ಎಣಿಸುವವರು ಪ್ರತಿ ತಲೆಯ ಬಳಕೆಯನ್ನೂ ಎಣಿಸಬೇಕೆಂಬ ಪಾಠವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ನನಗೆ ಆ ಕ್ಯಾನು ಕಲಿಸಿತು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ತಾಸುಗಳಲ್ಲಿ 944 ಮಿ.ಮೀ. ಮಳೆ ಸುರಿದು ಮೀಠಿ ನದಿ ಉಕ್ಕಿದಾಗ, ನದಿಯ ಪಾತ್ರದಲ್ಲಿ ಗುಡಿಸಲು ಹಾಕಿಕೊಂಡವರದೇ ತಪ್ಪೆಂದು ಹಲವರು ದೂರಿದರು. ಅವರ ಪಾತ್ರ ಇಲ್ಲವೆನ್ನಲಾರೆ. ಆದರೆ ಅದೇ ನದಿಯ ಮೇಲೆ ವಿಮಾನ ನಿಲ್ದಾಣದ ಓಡುಹಾದಿ ಚಾಚಿದೆ. ಕಾಂದಲ ಗಿಡಗಳಿದ್ದ ಜವುಗು ನೆಲದ ಮೇಲೆ ಬಾಂದ್ರಾ-ಕುರ್ಲಾದ ಗಾಜಿನ ಕಚೇರಿಗಳೆದ್ದಿವೆ. ನೆರೆ ಇಳಿದ ಮೇಲೆ ಹಬ್ಬಿದ ಇಲಿಜ್ವರ ಮಾತ್ರ ಹೆಚ್ಚಾಗಿ ಗುಡಿಸಲಿನವರನ್ನೇ ಹುಡುಕಿತು.

ವಿಶೇಷವೆಂದರೆ ಹಳೆಯ ಮುಂಬಯಿ ಈಗ ಖಾಲಿಯಾಗುತ್ತಿದೆ. ಕೊಲಾಬಾದಿಂದ ಮಾಹಿಮ್-ಸಾಯನ್‌ವರೆಗಿನ ದ್ವೀಪನಗರದ ಜನ 2001ರಲ್ಲಿ 33.4 ಲಕ್ಷವಿದ್ದದ್ದು 2011ರಲ್ಲಿ 30.9 ಲಕ್ಷ. ಕೋಟೆ, ಮಾಟುಂಗಾಗಳ ನಮ್ಮವರು ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರಾಗಳಿಗೆ ಸರಿದುದನ್ನು ಸಂಘದ ಸದಸ್ಯರ ವಿಳಾಸಪಟ್ಟಿಯೇ ಹೇಳುತ್ತದೆ. ಊರಿನ ಕಡೆಯೂ ಹಾಗೆಯೇ. ಆ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇಕಡಾ 47ರಷ್ಟು ಬೆಳೆದರೆ ಉಡುಪಿ ಜಿಲ್ಲೆ ಶೇಕಡಾ 6ರಷ್ಟೂ ಬೆಳೆಯಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಕೊಂಚ ಇಳಿದೇ ಹೋಯಿತು. ಗದ್ದೆ ಹಡಿಲು ಬಿದ್ದಿದೆ, ಗುಡ್ಡದಲ್ಲಿ ಹಂದಿ-ಮಂಗಗಳ ಕಾಟ ಹೆಚ್ಚಿದೆ ಎಂದು ತಾಯಿಯವರು ದೂರವಾಣಿಯಲ್ಲಿ ಹೇಳುತ್ತಿರುತ್ತಾರೆ. ಜನ ಕಡಿಮೆಯಾದಲ್ಲಿ ಪರಿಸರ ತಾನಾಗಿ ಸುಧಾರಿಸುತ್ತದೆಂಬುದೂ ಅಷ್ಟು ಸರಳವಲ್ಲ.

ಪ್ರತಿವರ್ಷ ನವೆಂಬರಿನಲ್ಲಿ ನಮ್ಮ ಶಾಖೆಗೆ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಲು ಬರುತ್ತಾರೆ. ತಾವಿನ್ನೂ ಬದುಕಿದ್ದೇವೆಂದು ಸಾಬೀತುಪಡಿಸುವ ಆ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಸಹಿ ಮಾಡುವ ಕೈ ನಡುಗುತ್ತದೆ; ಜತೆಗೆ ಬಂದವರು ಮಗನೋ ಮಗಳೋ ಎಂದುಕೊಂಡರೆ, ಅಲ್ಲ, ದಿನಗೂಲಿಯ ಆರೈಕೆಯವರು. ನನ್ನ ತಾಯಿಯವರನ್ನು ಇಲ್ಲಿಗೆ ಕರೆತಂದೆ. ಎರಡು ತಿಂಗಳಿದ್ದು ಹೊರಟುಬಿಟ್ಟರು. ಇಲ್ಲಿ ನೀರು ಬರುವ ಹೊತ್ತಿಗೆ ತಾನು ಏಳಬೇಕು, ಅಲ್ಲಿ ತಾನು ಏಳುವ ಹೊತ್ತಿಗೆ ಬಾವಿ ಕಾದಿರುತ್ತದೆ ಎಂದರು. ರಕ್ತದೊತ್ತಡದ ಮಾತ್ರೆ ತೆಗೆದುಕೊಂಡರೇ ಎಂದು ರಾತ್ರಿ ಕೇಳುವುದಷ್ಟೇ ಈಗ ನನ್ನ ಪಾಲಿನ ಸೇವೆ. ನನ್ನ ಮಗಳಿಗೆ ಮುಂದೊಂದು ದಿನ ಇಂತಹ ದೂರವಾಣಿ ಕರೆ ಒಂದಲ್ಲ, ಅತ್ತೆಮಾವಂದಿರೂ ಸೇರಿ ನಾಲ್ಕು ಮಾಡಬೇಕಾದೀತು.

ನಮ್ಮ ಸಂಘದ ಲೆಕ್ಕಪತ್ರವನ್ನು ಪರಿಶೋಧಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮೊದಲು ವಿದ್ಯಾರ್ಥಿವೇತನದ ಅರ್ಜಿಗಳ ಕಡತ ದಪ್ಪವಾಗಿರುತ್ತಿತ್ತು, ವೈದ್ಯಕೀಯ ನೆರವಿನದು ತೆಳ್ಳಗೆ. ಈಗ ಅದಲುಬದಲಾಗಿದೆ. ನೋಟುಪುಸ್ತಕ ವಿತರಣೆಯ ನಿಧಿಯಲ್ಲಿ ಹಣ ಉಳಿಯುತ್ತದೆ. ಹಿರಿಯರ ಚಿಕಿತ್ಸೆಯ ನಿಧಿ ಡಿಸೆಂಬರಿಗೇ ಬರಿದಾಗುತ್ತದೆ. ಉಳಿದ ಹಣದಲ್ಲಿ ಒಂಟಿಯಾಗಿರುವ ವೃದ್ಧ ಸದಸ್ಯರ ಮನೆಗೆ ವಾರಕ್ಕೊಮ್ಮೆ ದಾದಿಯೊಬ್ಬಳನ್ನು ಕಳುಹಿಸುವ ಏರ್ಪಾಡು ಮಾಡಬೇಕೆಂಬ ಸೂಚನೆಯನ್ನು ಬರುವ ವಾರ್ಷಿಕ ಮಹಾಸಭೆಯ ಮುಂದಿಡಲಿದ್ದೇನೆ. ಮಕ್ಕಳ ಹಣವನ್ನು ಮುದುಕರಿಗೆ ಕೊಡುವುದೇ ಎಂದು ಆಕ್ಷೇಪಿಸುವವರಿದ್ದಾರೆ. ಅವರ ವಾದದಲ್ಲಿಯೂ ಹುರುಳಿಲ್ಲದಿಲ್ಲ. ಸದಸ್ಯರು ದಯವಿಟ್ಟು ಸಭೆಗೆ ಬಂದು ಎರಡೂ ಕಡತಗಳನ್ನು ತಾವೇ ಕೈಯಲ್ಲಿ ಹಿಡಿದು ನೋಡಬೇಕಾಗಿ ವಿನಂತಿ.